ಲೈನ್ ಮಕ್ಕಳು ಬಾರದ ವಾರ

ಮಕ್ಕಳಿಗೆ ಪ್ರಕೃತಿ ಕಲಿಸುತ್ತೇವೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಅಂಥವರ ಕಾರಿನಲ್ಲಿ ಇನ್ನೊಂದು ಜೊತೆ ಒಣಬಟ್ಟೆ ಇರುತ್ತದೆ. ಒಣಬಟ್ಟೆ ಇರುವವರಿಗೆ ಮಳೆ ಒಂದು ಪಾಠ, ಇಲ್ಲದವರಿಗೆ ಬರೀ ನೆಗಡಿ. ಈ ಮಾತನ್ನು ಹಾಸನದ ಕಾಲೇಜಿನಲ್ಲಿ ಓದುವಾಗ ಒಂದು ಚರ್ಚಾಸ್ಪರ್ಧೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಅದಾದ ಎರಡು ವರ್ಷಕ್ಕೆ ಹೊಂಗಡಹಳ್ಳದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಹನ್ನೆರಡು ಪುಟ್ಟ ಮಕ್ಕಳನ್ನು ಮಳೆಯಲ್ಲಿ ಸುತ್ತಾಡಿಸುವ ಕೆಲಸಕ್ಕೆ ಸೇರಿದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣಲಿಲ್ಲ. ಬಿ.ಎಡ್. ಸೀಟಿಗೆ ಒಂದು ವರ್ಷ ಕಾಯಬೇಕಿತ್ತು. ಆಲೂರಿನ ಮನೆಯಲ್ಲಿ ಕೂತು ಕಾಯುವುದಕ್ಕಿಂತ ನಂಬಿಕೆಯಿಲ್ಲದ ಕೆಲಸ ಮಾಡುತ್ತ ಕಾಯುವುದು ವಾಸಿ ಎನ್ನಿಸಿತು.

ಅದಕ್ಕೆ ಶಾಲೆ ಎಂಬ ಹೆಸರಿರಲಿಲ್ಲ. ಕಾಫಿ ಒಣಗಿಸುವ ಹಳೆಯ ಕಣದ ಪಕ್ಕ ಒಂದು ತಗಡಿನ ಮಾಡು, ಅದರಡಿ ಚೀಲ ನೇತುಹಾಕಲು ಗೂಟಗಳು, ಹಾಲು ಕಾಯಿಸಲು ಒಂದು ಒಲೆ. ಉಳಿದದ್ದೆಲ್ಲ ಬಯಲು. ಮೂರರಿಂದ ಐದೂವರೆ ವರ್ಷದ ಮಕ್ಕಳು ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಧ್ಯಾಹ್ನ ಊಟದ ಹೊತ್ತಿಗೆ ಹೋಗುತ್ತಿದ್ದರು. ಹನ್ನೆರಡರಲ್ಲಿ ಏಳು ಸುತ್ತಲಿನ ಬೆಳೆಗಾರರ ಮನೆಯವು. ಐದು ಲೈನಿನವು, ಅಂದರೆ ಎಸ್ಟೇಟಿನ ಕೆಲಸದವರು ಇರುವ ಸಾಲುಮನೆಯವು. ಎಂಟು ವರ್ಷದ ಹಿಂದೆ ಎಸ್ಟೇಟಿನ ಮನೆಯ ಸೊಸೆ ಇದನ್ನು ಶುರುಮಾಡಿದವರು. ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಗಂಬೂಟು, ಹಾಲು, ನಮ್ಮ ಸಂಬಳ ಅವರದು. ನಡೆಸುವುದು ಮಾತ್ರ ದೊಡ್ಡ ಮಿಸ್.

ದೊಡ್ಡ ಮಿಸ್ ಕೆ. ಹೊಸಕೋಟೆ ಎಂಬ ಊರಿನ ಕಡೆಯ ರೈತರ ಮನೆಯವರು. ಬಹಳ ವರ್ಷ ಅಂಗನವಾಡಿಯಲ್ಲಿ ದುಡಿದವರು. ಒಂದೇ ಕೋಣೆಯಲ್ಲಿ ಮೂವತ್ತು ಮಕ್ಕಳನ್ನು ಕೂರಿಸಿ, ‘ಕೈ ಕಟ್ಟು, ಬಾಯಿ ಮುಚ್ಚು’ ಎಂದು ಹೇಳಿ ಹೇಳಿ ತಮಗೇ ಬೇಸರ ಬಂದಿತ್ತು ಎನ್ನುತ್ತಿದ್ದರು. ಮಕ್ಕಳು ನಾನು ಹೋದ ದಿನವೇ ನನ್ನನ್ನು ಸಣ್ಣ ಮಿಸ್ ಎಂದು ಕರೆದು ಮುಗಿಸಿಬಿಟ್ಟರು. ಆ ವಿಷಯದಲ್ಲಿ ವಾದಕ್ಕೆ ಅವಕಾಶ ಸಿಗಲಿಲ್ಲ.

ನಮ್ಮ ದಿನ ಶುರುವಾಗುತ್ತಿದ್ದದ್ದು ಒಂದು ಫೋನಿನಿಂದ. ಎಸ್ಟೇಟಿನಲ್ಲಿ ಹಾಜರಿ ತೆಗೆದುಕೊಳ್ಳುವ ರೈಟರಿಗೆ ದೊಡ್ಡ ಮಿಸ್ ಫೋನ್ ಮಾಡುತ್ತಿದ್ದರು.

“ಆನೆ ಎಲ್ಲವೆ ರೈಟ್ರೇ?”

“ಹೊಳೆಬದಿ ಬ್ಲಾಕಲ್ಲಿದ್ವು ಮಿಸ್. ಈಗ ದಾಟ್ಯವಂತೆ.”

“ದಾಟಿದ್ದು ನೋಡಿದೋರು ಯಾರು?”

“ಗ್ರೂಪಲ್ಲಿ ಮೆಸೇಜ್ ಬಂದೈತೆ.”

“ಮೆಸೇಜ್ ಆನೆ ಹಿಂದೆ ಹೋಗಿತ್ತಾ? ಕಣ್ಣಲ್ಲಿ ನೋಡಿದೋರ್ನ ಕೇಳಿ ಹೇಳಿ.”

ಇದು ನನಗೆ ಹಿಡಿಸಿತು. ಸಾಕ್ಷಿ ಕೇಳುವವರ ಜೊತೆ ಕೆಲಸ ಮಾಡಬಹುದು ಎಂದುಕೊಂಡೆ. ರೈಟರ್ ತಿರುಗಿ ಫೋನ್ ಮಾಡಿದ ಮೇಲೆ ಆವತ್ತು ಎತ್ತ ಹೋಗುವುದು ಎಂದು ತೀರ್ಮಾನ. ಹನ್ನೆರಡು ಗಂಟು ಹಾಕಿದ ಒಂದು ಹಗ್ಗ, ಮಗುವಿಗೊಂದು ಗಂಟು. ಮುಂದೆ ದೊಡ್ಡ ಮಿಸ್, ಹಿಂದೆ ನಾನು. ಹಳ್ಳದ ಏರಿಯ ತನಕ ಹಗ್ಗ ಬಿಡುವ ಹಾಗಿಲ್ಲ, ಅಲ್ಲಿಂದಾಚೆ ಹಿಡಿಯುವ ಹಾಗಿಲ್ಲ. ಕಣ್ಣಳತೆಯಲ್ಲಿ ಇದ್ದರೆ ಸಾಕು.

ಮೊದಲ ವಾರವೇ ಪೆಟ್ಟು ತಿಂದೆ. ಬಿದ್ದ ಒಂದು ಸಿಲ್ವರ್ ಓಕ್ ಮರದ ಮೇಲೆ ಹುಡುಗನೊಬ್ಬ ಕೈ ಚಾಚಿಕೊಂಡು ನಡೆಯುತ್ತಿದ್ದ. ನಾನು ಕೆಳಗಿನಿಂದ “ಏಯ್, ಬೀಳ್ತೀಯ, ಬೀಳ್ತೀಯ!” ಎಂದು ಕೂಗಿದೆ. ಅವನು ನನ್ನ ಕಡೆ ತಿರುಗಿ ನೋಡಿದ, ಬಿದ್ದ. ಮೊಣಕಾಲು ತರಚಿತು. ದೊಡ್ಡ ಮಿಸ್ ಬಂದು ನೀರು ಹಾಕಿ ತೊಳೆದರು.

“ಬೀಳ್ತೀಯ ಅಂತ ಹೇಳಿದೆ, ಬಿದ್ದ. ಮಿಸ್ ಮಾತು ಕೇಳೋ ಹುಡುಗ ಕಣೇ ಅವ್ನು.”

“ಮತ್ತೆ ಏನು ಹೇಳ್ಬೇಕಿತ್ತು? ಹುಷಾರು ಅಂತ?”

“ಹುಷಾರು ಅಂದ್ರೆ ಏನು ಮಾಡ್ಬೇಕು? ನಿಂಗೆ ಯಾರಾದ್ರೂ ಹುಷಾರು ಅಂದ್ರೆ ನೀನು ಏನು ಮಾಡ್ತೀಯ? ಹೆದರ್ಕೊಂಡು ನಿಲ್ತೀಯ. ಮುಂದಿನ ಕಾಲು ಎಲ್ಲಿಡ್ತೀಯಪ್ಪಾ ಅಂತ ಕೇಳು. ಅವ್ನು ಕಾಲು ನೋಡ್ಕತಾನೆ. ನಿನ್ ಮುಖ ನೋಡಿ ಅವ್ನಿಗೆ ಏನಾಗ್ಬೇಕು?”

ನಾನು ಒಪ್ಪಲಿಲ್ಲ. ಒಂದು ಸಲ ಬಿದ್ದದ್ದು ಪುರಾವೆ ಅಲ್ಲ ಎಂದೆ. ಆದರೆ ಮಾರನೆಯ ದಿನದಿಂದ ಕಾಲು ಎಲ್ಲಿಡ್ತೀಯ ಎಂದೇ ಕೇಳತೊಡಗಿದೆ. ಒಪ್ಪದೆ ಪಾಲಿಸುವುದು ಬೇರೆ, ಒಪ್ಪಿ ಪಾಲಿಸುವುದು ಬೇರೆ. ಮೊದಲನೆಯದರಲ್ಲಿ ನಾನು ಸೋತಂತೆ ಲೆಕ್ಕವಲ್ಲ.

ಅವರ ಇನ್ನೊಂದು ಪದ್ಧತಿಯ ಮೇಲೆ ನಮ್ಮ ಜಗಳ ಮಳೆಗಾಲ ಪೂರ್ತಿ ನಡೆಯಿತು. ಮಗು ಏನನ್ನಾದರೂ ತೋರಿಸಿ “ಇದೇನು ಮಿಸ್?” ಎಂದು ಕೇಳಿದರೆ ದೊಡ್ಡ ಮಿಸ್ ತಕ್ಷಣ ಹೆಸರು ಹೇಳುತ್ತಿರಲಿಲ್ಲ. “ನಿಂಗೇನು ಕಾಣ್ತೈತೆ?” ಎಂದು ತಿರುಗಿ ಕೇಳುತ್ತಿದ್ದರು. ಗೊತ್ತಿದ್ದೂ ಹೇಳದೆ ಇರುವುದು ಮೋಸ ಎಂಬುದು ನನ್ನ ವಾದ. ಹೆಸರು ಸಿಕ್ಕ ತಕ್ಷಣ ಮಕ್ಕಳು ನೋಡುವುದನ್ನು ನಿಲ್ಲಿಸುತ್ತವೆ ಎಂಬುದು ಅವರ ವಾದ. ಒಂದು ದಿನ ಹಾಲುವಾಣದ ಮರದ ಕೆಳಗೆ ನಿಂತಿದ್ದಾಗ ನನ್ನ ಕಣ್ಣಿಗೆ ಅವರ ಅಂಗೈ ಅಡ್ಡ ಬಂತು.

“ಇದ್ಯಾವ ಮರ?”

“ಹಾಲುವಾಣ.”

“ಚಿಕ್ಕಂದಿನಿಂದ ನೋಡಿದೀಯ. ಎಲೆ ಒಂದೊಂದೇ ಇರ್ತದಾ, ಜೊತೆ ಇರ್ತದಾ, ಮೂರು ಮೂರು ಇರ್ತದಾ?”

ನಾನು ಜೊತೆ ಎಂದೆ. ಕೈ ತೆಗೆದರು. ಮೂರು ಮೂರು ಇತ್ತು. ನಾಲ್ಕು ವರ್ಷದ ಒಂದು ಮಗು ಪಕ್ಕದಲ್ಲಿ ನಿಂತು “ಸಣ್ಣ ಮಿಸ್‌ಗೆ ಗೊತ್ತಿಲ್ಲ” ಎಂದು ಎಲ್ಲರಿಗೂ ಸಾರಿತು. ಸೊಗಸಾದ ಪಟ್ಟು, ಒಪ್ಪುತ್ತೇನೆ. ಆದರೂ ಪಟ್ಟು ಪುರಾವೆಯಲ್ಲ.

ನನ್ನ ಮೂಲ ತಕರಾರು ಇದಕ್ಕಿಂತ ದೊಡ್ಡದಾಗಿತ್ತು, ಅದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಅಕ್ಕೋರ ಹೋಂಸ್ಟೇಗೆ ಬಂದವರು ಒಮ್ಮೊಮ್ಮೆ ನಮ್ಮ ಹಿಂದೆ ಬಂದು ಮಕ್ಕಳ ಫೋಟೊ ತೆಗೆಯುತ್ತಿದ್ದರು. ಕೆಸರು ಮೆತ್ತಿದ ಲೈನ್ ಮಗುವನ್ನು ನೋಡಿ “ಎಷ್ಟು ಸಹಜವಾಗಿದೆ” ಎನ್ನುತ್ತಿದ್ದರು. ಆ ಮಗುವಿಗೆ ಕೆಸರು ಮೆತ್ತುವುದು ಯಾವಾಗ ಅಸಹಜವಾಗಿತ್ತು? ಬೆಳೆಗಾರರ ಮಕ್ಕಳಿಗೆ ಇದು ಬೆಳಗಿನ ಒಂದು ಸುಖ, ಸಂಜೆ ಮನೆಯಲ್ಲಿ ಪುಸ್ತಕವೂ ಇದೆ, ಓದಿಸುವವರೂ ಇದ್ದಾರೆ. ಲೈನ್ ಮಕ್ಕಳಿಗೆ ಬೆಳಿಗ್ಗೆಯೂ ಮಣ್ಣು, ಸಂಜೆಯೂ ಮಣ್ಣು. ಅವರಿಗೆ ಕಾಡು ತೋರಿಸುವುದೆಂದರೆ ಮೀನಿಗೆ ನೀರು ತೋರಿಸಿ ಶಹಭಾಸ್ ಎನ್ನಿಸಿಕೊಂಡಂತೆ. ಇದು ನನ್ನ ನಿಲುವು. ಸಂಬಳ ತೆಗೆದುಕೊಳ್ಳುತ್ತಿದ್ದುದರಿಂದ ನಿಲುವನ್ನು ಒಳಗಿಟ್ಟುಕೊಂಡಿದ್ದೆ.

ಆ ಐದರಲ್ಲಿ ಒಬ್ಬಳು ಹುಡುಗಿ ಎಲ್ಲರಿಗಿಂತ ದೊಡ್ಡವಳು. ಜೂನ್‌ಗೆ ಒಂದನೇ ಕ್ಲಾಸಿಗೆ ಹೋಗುವ ವಯಸ್ಸು. ಅವಳ ತಾಯಿ ಕಾಫಿ ಹಣ್ಣು ಕುಯ್ಯುವ ಹೆಂಗಸರಲ್ಲಿ ಮುಂದಾಳು. ಆ ತಾಯಿ ಯಾವ ಸಾಲು ಹಿಡಿದರೆ ಉಳಿದವರು ಅದರ ಪಕ್ಕದ ಸಾಲು ಹಿಡಿಯುತ್ತಾರೆ, ಆಕೆ ಚೀಲ ಇಳಿಸಿದರೆ ಎಲ್ಲರೂ ಇಳಿಸುತ್ತಾರೆ. ಜನವರಿಯಲ್ಲಿ ರೋಬಸ್ಟಾ ಕುಯ್ಲು ನಡೆಯುವಾಗ ಮಕ್ಕಳು ಗಿಡದ ಬುಡದಲ್ಲಿ ಉದುರಿದ ಹಣ್ಣು ಆಯ್ದು, ಹಿಚುಕಿ, ಬೀಜವನ್ನು ಕಲ್ಲಿನ ಮೇಲೆ ಸಾಲಿಡುತ್ತಿದ್ದರು. ಒಂದು ಹಣ್ಣಿಗೆ ಎರಡು ಬೀಜ. ಒಂದು ದಿನ ಈ ಹುಡುಗಿ ಬೀಜ ಮುಟ್ಟುತ್ತ “ಎರಡು, ನಾಕು, ಆರು, ಎಂಟು” ಎಂದು ಇಪ್ಪತ್ತರ ತನಕ ಹೋದಳು. ಯಾರೂ ಹೇಳಿಕೊಟ್ಟಿರಲಿಲ್ಲ. ನಡುವೆ ಒಂದು ಹಣ್ಣಿನಿಂದ ಒಂಟಿ ಬೀಜ ಬಂತು. ಅವಳು ಅದನ್ನು ಎತ್ತಿ ಪಕ್ಕಕ್ಕಿಟ್ಟು, “ಇದು ಲೆಕ್ಕಕ್ಕಿಲ್ಲ ಮಿಸ್ಸೇ, ಇದು ಒಬ್ನೇ ಬಂದವ್ನೆ” ಎಂದಳು. ನಾನು ಅದನ್ನು ಅಂದೇ ಡೈರಿಯಲ್ಲಿ ಬರೆದುಕೊಂಡೆ. ಮೆಚ್ಚಿಗೆಯಿಂದ ಅಲ್ಲ. ವಾದ ಮಾಡುವವರಿಗೆ ಸಿಕ್ಕಿದ್ದನ್ನೆಲ್ಲ ಕೂಡಿಡುವ ಚಾಳಿ ಇರುತ್ತದೆ.

ಫೆಬ್ರವರಿ ಕೊನೆಗೆ ಕುಯ್ಲು ಮುಗಿಯಿತು. ಸಕಲೇಶಪುರದ ಶಾಲೆಯೊಂದರ ವ್ಯಾನು ಜೂನ್‌ನಿಂದ ನಮ್ಮ ಕವಲುದಾರಿಯ ಕೈಮರದ ತನಕ ಬರುತ್ತದಂತೆ, ಯುಕೆಜಿಗೂ ಸೇರಿಸಿಕೊಳ್ಳುತ್ತಾರಂತೆ ಎಂಬ ಸುದ್ದಿ ಲೈನಿನಲ್ಲಿ ಹಬ್ಬಿತು. ತಾಯಂದಿರು ಮಕ್ಕಳನ್ನು ಬಿಡಿಸಬಹುದು ಎಂದು ಕೇಳಿ ದೊಡ್ಡ ಮಿಸ್ ಎಲ್ಲರನ್ನೂ ಒಂದು ಭಾನುವಾರ ಕಣಕ್ಕೆ ಕರೆದರು. ಬೆಳೆಗಾರರ ಮನೆಯವರು ಕುರ್ಚಿಯಲ್ಲಿ ಕೂತರು. ಲೈನಿನ ಹೆಂಗಸರಿಗೂ ಕುರ್ಚಿ ಹಾಕಿತ್ತು. ಅವರು ಅದನ್ನು ನೋಡಿ, ಕಣದ ಕಟ್ಟೆಯ ಮೇಲೆ ಕೂತರು.

ಕಾಫಿ ಕುಡಿದಾದ ಮೇಲೆ ಆ ಹುಡುಗಿಯ ತಾಯಿ ಎದ್ದಳು.

“ಮಿಸ್, ತಪ್ಪು ತಿಳ್ಕಬೇಡಿ. ನಾನು ಹುಟ್ಟಿದ್ದು ಈ ಮಣ್ಣಾಗೆ, ದುಡಿಯೋದು ಈ ಮಣ್ಣಾಗೆ. ನನ್ ಮಗಳಿಗೆ ಮಣ್ಣು ತೋರ್ಸಕ್ಕೆ ಇಬ್ರು ಮಿಸ್ ಬೇಕಾ? ನಾನೇ ತೋರಿಸ್ತೀನಿ, ಸಂಬ್ಳ ಇಲ್ದೆ.”

ಕಟ್ಟೆಯ ಕಡೆ ನಗೆ ಎದ್ದಿತು. ಕುರ್ಚಿಯ ಕಡೆಯೂ ಒಬ್ಬಿಬ್ಬರು ನಕ್ಕರು.

“ನಾವು ಕೆಸರಾಗೆ ನಿಂತಿರೋದೇ ಅವ್ಳು ಬೆಂಚ್ ಮೇಲೆ ಕೂರ್ಲಿ ಅಂತ. ಇಲ್ಲಿ ನೋಡಿದ್ರೆ ನೀವೂ ಕೆಸರಿಗೇ ಇಳಿಸ್ತೀರ. ಅಷ್ಟೇ ನಾನು ಹೇಳೋದು.”

ನನ್ನದೇ ನಿಲುವು. ನಾನು ಒಂಬತ್ತು ತಿಂಗಳಿಂದ ಒಳಗಿಟ್ಟುಕೊಂಡಿದ್ದನ್ನು ಆಕೆ ನನಗಿಂತ ಕಡಿಮೆ ಮಾತಿನಲ್ಲಿ ಹೇಳಿ ಮುಗಿಸಿದ್ದಳು. ದೊಡ್ಡ ಮಿಸ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಎದ್ದೆ. ಯಾಕೆಂದರೆ ಆ ವಾದದಲ್ಲಿ ಒಂದು ಸಂದು ನನಗೆ ಕಂಡಿತ್ತು. ಸಂದು ಕಂಡ ಮೇಲೆ ಸುಮ್ಮನೆ ಕೂರುವ ಅಭ್ಯಾಸ ನನಗಿರಲಿಲ್ಲ. ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ: ಎದುರಿನವರಿಗೆ ಉತ್ತರ ಗೊತ್ತಿಲ್ಲದ, ನಿನಗೆ ಗೊತ್ತಿರುವ ಪ್ರಶ್ನೆ ಕೇಳು.

“ಅಕ್ಕ, ನಿಮ್ಮ ಮಗಳು ಎಷ್ಟರ ತನಕ ಎಣಿಸ್ತಾಳೆ?”

“ಹತ್ತರ ತಂಕ ಏನೋ.”

“ಇಪ್ಪತ್ತರ ತನಕ. ಅದೂ ಎರಡೆರಡಾಗಿ. ನಿಮಗೆ ಗೊತ್ತಿತ್ತಾ?”

“ಇಲ್ಲ.”

“ಅದನ್ನ ಎಲ್ಲಿ ಕಲಿತಳು ಅಂತ ಗೊತ್ತಾ?”

ಅವಳು ಕಟ್ಟೆಯ ಕಡೆ ತಿರುಗಿ ನೋಡಿದಳು.

“ಮನೇಲಿ ಯಾವತ್ತಾದ್ರೂ ಕೂರಿಸಿಕೊಂಡು ಎಣಿಸು ಅಂತ ಕೇಳಿದ್ದೀರಾ?”

ಆಮೇಲೆ ನಾನು ಒಂಟಿ ಬೀಜದ ಕತೆ ಹೇಳಿದೆ, ಲೆಕ್ಕ ಹುಟ್ಟುವುದು ಬೆಂಚಿನಲ್ಲಿ ಅಲ್ಲ ಕಣ್ಣಿನಲ್ಲಿ ಎಂದೆ, ಬೆಂಚಿನ ಮೇಲೆ ಕೂತ ಮಾತ್ರಕ್ಕೆ ಬುದ್ಧಿ ಬರುವುದಾದರೆ ಬೆಂಚಿಗೇ ಮೊದಲು ಬರಬೇಕಿತ್ತು ಎಂದೆ. ಕುರ್ಚಿಯ ಕಡೆಯಿಂದ ಚಪ್ಪಾಳೆ ಬಂತು. ಆ ತಾಯಿ ಸೆರಗು ಸರಿಮಾಡಿಕೊಂಡು ಕೂತಳು. ಅವಳ ಪಕ್ಕದವರು ಅವಳ ಮುಖ ನೋಡಲಿಲ್ಲ, ನೆಲ ನೋಡಿದರು. ನನಗೆ ಅದೂ ಗೆಲುವಿನ ಲಕ್ಷಣ ಎಂದೇ ಕಂಡಿತು.

ಎಲ್ಲರೂ ಹೋದ ಮೇಲೆ ದೊಡ್ಡ ಮಿಸ್ ಲೋಟಗಳನ್ನು ಒಟ್ಟುಮಾಡಿ ನನ್ನ ಮುಂದೆ ಇಟ್ಟರು.

“ಗೆದ್ದೆ ಕಣೇ. ಈಗ ಇವನ್ನ ತೊಳಿ.”

ಸೋಮವಾರ ಐದು ಗಂಟು ಖಾಲಿ. ಲೈನಿನಿಂದ ಒಂದು ಮಗುವೂ ಬರಲಿಲ್ಲ. ಜ್ವರವಿರಬಹುದು ಎಂದೆ. ಐದಕ್ಕೂ ಒಟ್ಟಿಗೇ ಜ್ವರ ಬಂತಾ ಎಂದು ದೊಡ್ಡ ಮಿಸ್ ಕೇಳಿದರು. ಮಂಗಳವಾರ, ಬುಧವಾರವೂ ಹಾಗೆಯೇ. ನಾವು ಏಳು ಮಕ್ಕಳನ್ನು ಕರೆದುಕೊಂಡು ಹಳ್ಳಕ್ಕೆ ಹೋದೆವು, ಬಂದೆವು. ಉಳಿದ ಏಳಕ್ಕೆ ಏನೂ ಕೊರತೆಯಾಗಲಿಲ್ಲ ಎಂದು ಬರೆಯುವ ಹಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಹಾಗಾಗಲಿಲ್ಲ. ಚಗಳಿ ಇರುವೆಯ ಗೂಡು ಯಾವ ಗಿಡದಲ್ಲಿದೆ, ಹಳ್ಳದ ಯಾವ ಕಲ್ಲು ಅಲ್ಲಾಡುತ್ತದೆ ಎಂದು ಮುಂಚಿತವಾಗಿ ಹೇಳುತ್ತಿದ್ದವರು ಲೈನ್ ಮಕ್ಕಳೇ. ಅವರಿಲ್ಲದೆ ಉಳಿದವರು ನಮ್ಮನ್ನೇ ಕೇಳತೊಡಗಿದರು. ನಮಗೆ ಗೊತ್ತಿರಲಿಲ್ಲ. ಗುರುವಾರ ಮೂರು ಜನರಿಗೆ ಚಗಳಿ ಕಚ್ಚಿತು, ಅದರಲ್ಲಿ ನಾನೂ ಒಬ್ಬಳು.

ಅದೇ ಗುರುವಾರ ಅಕ್ಕೋರು ಕಣಕ್ಕೆ ಬಂದರು. ಏಳು ಮಕ್ಕಳಿದ್ದರೂ ಪರವಾಗಿಲ್ಲ, ಹೋಂಸ್ಟೇಗೆ ಬರುವವರ ಮಕ್ಕಳನ್ನೂ ಸೇರಿಸಬಹುದು ಎಂದರು. ದೊಡ್ಡ ಮಿಸ್ ಒಲೆಯ ಮುಂದಿನಿಂದ ಏಳದೆ ಉತ್ತರ ಕೊಟ್ಟರು.

“ಆ ಮಕ್ಕಳ ಅಪ್ಪಂದಿರಿಗೆ ಜೀಪ್ ಐತೆ ಅಕ್ಕೋರೆ. ಯಾವ ಕಾಡಿಗೆ ಬೇಕಾದ್ರೂ ಕರ್ಕೊಂಡ್ ಹೋಗ್ತಾರೆ. ನಾನು ಅಂಗನವಾಡಿಯೋಳು. ಲೈನ್ ಮಕ್ಕಳು ಬರ್ದಿದ್ರೆ ಜೂನ್‌ಗೆ ನಾನೂ ಬರಲ್ಲ.”

ಅಕ್ಕೋರು ನನ್ನ ಕಡೆ ನೋಡಿದರು. ದೊಡ್ಡ ಮಿಸ್ ಇಲ್ಲದೆ ಅದು ನಡೆಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಎಂಟು ವರ್ಷ ನಡೆದದ್ದು ನನ್ನ ನಾಲ್ಕು ಪ್ರಶ್ನೆಯಿಂದ ನಿಲ್ಲುವುದರಲ್ಲಿತ್ತು.

ಅಕ್ಕೋರು ಹೋದ ಮೇಲೆ ನಾನು ಕೇಳಿದೆ. “ನಾನು ಹೇಳಿದ್ದರಲ್ಲಿ ಸುಳ್ಳು ಏನಿತ್ತು?”

“ಸುಳ್ಳಾಗಿದ್ರೆ ಸುಲಭ ಇತ್ತು ಮಾರಾಯ್ತಿ. ಸುಳ್ಳು ಬೊಗಳಿದ್ಲು ಅಂತ ಬೈಕೊಂಡು ಮರೀತಿದ್ಲು. ನೀನು ನಿಜ ಹೇಳಿದೆ. ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಬರೋಳಿಗೆ, ಎಲ್ಲರ ಮುಂದೆ, ನಿನ್ ಮಗಳ್ನ ನೀನು ನೋಡೇ ಇಲ್ಲ ಅಂದ್ಬುಟ್ಟೆ.”

“ಹಾಗೆ ಅನ್ನಲಿಲ್ಲ ನಾನು.”

“ಅನ್ಲಿಲ್ಲ. ಅವಳ ಬಾಯಲ್ಲೇ ಅನ್ಸಿದೆ. ಅದಕ್ಕೇ ಅಲ್ವಾ ಕಾಲೇಜಲ್ಲಿ ನಿಂಗೆ ಕಪ್ಪು ಕೊಡ್ತಿದ್ದದ್ದು?”

ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಆದರೆ ಆ ಉತ್ತರ ಅವರ ಮಾತನ್ನೇ ಸಮರ್ಥಿಸುತ್ತಿತ್ತು. “ನೀವು ಒಂದು ಮಾತು ಹೇಳಿದ್ರೆ ಕಳಿಸ್ತಾರೆ” ಎಂದೆ.

“ಕಳಿಸ್ತಾಳೆ. ನನ್ ಮುಖ ನೋಡಿ ಕಳಿಸ್ತಾಳೆ. ನಿನ್ ಮಾತು ಅಲ್ಲೇ ಕೂತಿರ್ತದೆ. ನೀನೇ ಹೋಗು. ಹೋಗಿ ಬಾಯಿ ಬಿಡ್ಬೇಡ, ಕಿವಿ ಬಿಡು.”

ಶುಕ್ರವಾರ ಸಂಜೆ ಎಸ್ಟೇಟಿನ ಕೆಲಸ ಬಿಟ್ಟ ಮೇಲೆ ಲೈನಿಗೆ ಹೋದೆ. ಬೆಳಕಿತ್ತು. ಹೋಗುವಾಗ ದಾರಿಯುದ್ದಕ್ಕೂ ಮೂರು ಅಂಶಗಳ ಕ್ಷಮಾಪಣೆ ತಯಾರು ಮಾಡಿಕೊಂಡೆ. ಆ ತಾಯಿ ಬಾಗಿಲ ಮುಂದೆ ಕತ್ತಿ ಹಿಡಿದು ಸೌದೆ ಪುರಲೆ ಸೀಳುತ್ತಿದ್ದಳು. ಮಗಳು ಪಕ್ಕದಲ್ಲಿ ಪುರಲೆ ಜೋಡಿಸುತ್ತಿದ್ದಳು. ಮೂರು ವರ್ಷದ ತಮ್ಮ ಅದನ್ನು ಕೆಡವುತ್ತಿದ್ದ. ನನ್ನನ್ನು ನೋಡಿ ಹುಡುಗಿ ಎದ್ದು ಬರಲು ಹೊರಟಳು. ತಾಯಿ ತಲೆ ಎತ್ತದೆ “ಕೂತ್ಕ” ಎಂದಳು. ಕೂತಳು.

“ಬನ್ನಿ ಮಿಸ್. ಇನ್ನೂ ಏನಾರ ಪ್ರಶ್ನೆ ಉಳ್ಕಂಡೈತಾ?”

ಪಕ್ಕದ ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತುಕೊಂಡರು. ಯಾರೂ ಕರೆದಿರಲಿಲ್ಲ, ಯಾರೂ ಹೋಗಿ ಅಂತಲೂ ಅನ್ನಲಿಲ್ಲ. ನಾನು ನನ್ನ ಮೊದಲ ಅಂಶ ಶುರುಮಾಡಿದೆ. ಆವತ್ತು ನಾನು ಆ ರೀತಿ ಕೇಳಬಾರದಿತ್ತು ಎಂದೆ. ಅವಳು ಪುರಲೆ ಸೀಳುತ್ತಲೇ ಇದ್ದಳು. ಎರಡನೆಯ ಅಂಶ ಮರೆತುಹೋಯಿತು. ಅದರ ಬದಲು ಬಾಯಿಗೆ ನಿಜ ಬಂತು.

“ನೀವು ಆವತ್ತು ಹೇಳಿದ್ದು ನನಗೂ ಸರಿ ಅನ್ನಿಸಿತ್ತು.”

ಕತ್ತಿ ನಿಂತಿತು.

“ಸರಿ ಅನ್ಸಿತ್ತಾ? ಮತ್ತೆ ಯಾಕೆ ಹಂಗಂದ್ರಿ?”

“ನಿಮ್ಮ ಎದುರು ಕಡೆ ನಿಂತು ಮಾತಾಡಬೇಕಿತ್ತು.”

“ಯಾರ್ ಹೇಳಿದ್ರು ನಿಲ್ಲಕ್ಕೆ?”

ಸ್ಪರ್ಧೆಯಲ್ಲಾದರೆ ಚೀಟಿ ಎತ್ತುತ್ತೇವೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಂಬಿಕೆ ಯಾರೂ ಕೇಳುವುದಿಲ್ಲ. ಕಣದಲ್ಲಿ ಚೀಟಿ ಇರಲಿಲ್ಲ. ದೊಡ್ಡ ಮಿಸ್ ಹೇಳಿರಲಿಲ್ಲ, ಅಕ್ಕೋರು ಹೇಳಿರಲಿಲ್ಲ.

“ಯಾರೂ ಹೇಳಿರಲಿಲ್ಲ” ಎಂದೆ.

ಅವಳು ಪಕ್ಕದ ಬಾಗಿಲಿನವರ ಕಡೆ ತಿರುಗಿದಳು. “ಕೇಳಿದ್ರೇನ್ರೇ? ಮಿಸ್ ಬಾಯಿಗೆ ಕೆಲ್ಸ ಇರ್ಲಿಲ್ವಂತೆ. ನಮ್ ಮೇಲೆ ಮಾಡಿದ್ರಂತೆ.” ಅವರಿಬ್ಬರೂ ನಕ್ಕರು. ನಾನು ನಗಬಹುದೋ ಇಲ್ಲವೋ ಗೊತ್ತಾಗಲಿಲ್ಲ.

ಅವಳು ಒಳಗೆ ಹೋಗಿ ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ತಂದುಕೊಟ್ಟಳು. ಆಮೇಲೆ ಹೊಸ್ತಿಲ ಮೇಲೆ ಕೂತು, ಸಿಟ್ಟಿಲ್ಲದೆ, ಹವಾಮಾನ ಹೇಳುವ ಹಾಗೆ ಹೇಳಿದಳು.

“ನಂಗೂ ಸ್ಕೂಲಿಗೆ ಹಾಕಿದ್ರು ಮಿಸ್. ಮೊದಲ್ನೇ ದಿನ ಸ್ಲೇಟ್ ಕೊಟ್ರು. ಬಳಪ ಹಿಡಿಯಕ್ಕೆ ಬರ್ಲಿಲ್ಲ. ಲೈನಿಂದು ಅಂತ ಹಿಂದ್ಗಡೆ ಸಾಲಿಗೆ ಕಳಿಸಿದ್ರು. ಹಿಂದಿನ ಸಾಲಿಗೆ ಬೋರ್ಡು ಕಾಣ್ತಿರ್ಲಿಲ್ಲ. ಬೋರ್ಡು ಕಾಣ್ದಿದ್ರೆ ಮಕ್ಕಳು ಏನ್ ಮಾಡ್ತವೆ? ಕಿಟಕಿ ನೋಡ್ತವೆ. ಕಿಟಕಿಯಾಚೆ ಏನಿತ್ತು? ಇದೇ. ಮರ, ಹಕ್ಕಿ, ಕಾಡು. ಮೂರು ವರ್ಷ ಅದನ್ನೇ ನೋಡಿದ್ದು. ಚೆನ್ನಾಗೇ ಇತ್ತು. ಆಮೇಲೆ ಬಿಡ್ಸಿದ್ರು.”

ನಾನು ಕಾಫಿ ಕುಡಿದು ಲೋಟ ಹೊಸ್ತಿಲ ಪಕ್ಕ ಇಟ್ಟೆ.

“ನೀವು ಅಷ್ಟು ಕೇಳಿದ್ರಿ, ನಾನೊಂದು ಕೇಳ್ತೀನಿ. ನಿಮ್ ಮಗು ಆಗಿದ್ರೆ ಅಲ್ಲಿ ಹಾಕ್ತಿದ್ರಾ?”

“ಐದು ತುಂಬೋ ತನಕ ಹಾಕ್ತಿದ್ದೆ.”

“ತುಂಬಿದ್ ಮೇಲೆ?”

“ಸ್ಲೇಟು ಹಿಡಿಯೋಕೆ ಕಲಿಸ್ತಿದ್ದೆ. ಮನೇಲಿ ಕೂರಿಸಿಕೊಂಡು.”

“ಮನೇಲಿ ಕೂರಿಸ್ಕಂಡು” ಎಂದು ಅವಳು ನನ್ನ ಮಾತನ್ನೇ ಒಮ್ಮೆ ತಿರುಗಿಸಿ ಹೇಳಿದಳು. “ಸರಿ. ಇದೂ ಮನೇನೇ. ಬನ್ನಿ. ದಿನಾ ಸಂಜೆ ಬಂದು ಕೂರಿಸ್ಕಂಡು ಕಲ್ಸಿ. ಐದಕ್ಕೂ ಕಲ್ಸಿ. ಜೂನ್ ತಂಕ. ಊರಲ್ಲಿ ತಪ್ಪು ಮಾಡ್ದೋರಿಗೆ ದಂಡ ಹಾಕ್ತಾರೆ ಗೊತ್ತಲ್ಲ? ಇ‌ದು ನಿಮ್ ದಂಡ.” ಪಕ್ಕದ ಬಾಗಿಲಿನಿಂದ “ಹಾಕೇ, ಇನ್ನೂ ಜಾಸ್ತಿ ಹಾಕು” ಎಂಬ ಮಾತು ಬಂತು.

“ಬೆಳಿಗ್ಗೆ ಕಳಿಸ್ತೀರಾ?”

“ಬೆಳಿಗ್ಗೆ ನಿಮ್ ಮಣ್ಣು, ಸಂಜೆ ನನ್ ಸ್ಲೇಟು. ಎರಡಕ್ಕೂ ನೀವೇ ಜವಾಬ್ದಾರಿ. ಒಪ್ಪಿದ್ರೆ ಸೋಮವಾರ ಬರ್ತವೆ.”

ಒಪ್ಪಿದೆ. ಪರವೂ ನಾನೇ, ವಿರೋಧವೂ ನಾನೇ ಆಗಬೇಕಾದ ಇಂಥ ವ್ಯವಸ್ಥೆಯನ್ನು ಯಾವ ಸ್ಪರ್ಧೆಯಲ್ಲೂ ಕಂಡಿರಲಿಲ್ಲ.

ಸೋಮವಾರ ಐದೂ ಬಂದವು, ತಮ್ಮ ತಮ್ಮ ಗಂಟು ಹಿಡಿದವು. ನಮ್ಮ ಪದ್ಧತಿಯಲ್ಲಿ ಆರು ವರ್ಷದ ಮೊದಲು ಸ್ಲೇಟು ಕೊಡುವ ಹಾಗಿರಲಿಲ್ಲ. ಬೆರಳು ಮೊದಲು ಮಣ್ಣು, ಕಡ್ಡಿ, ಕಲ್ಲಿನಲ್ಲಿ ಪಳಗಲಿ ಎಂಬುದು ದೊಡ್ಡ ಮಿಸ್ಸಿನ ಹಟ. ನಾನು ಒಪ್ಪಿಕೊಂಡು ಬಂದದ್ದನ್ನು ಅಳುಕುತ್ತಲೇ ಹೇಳಿದೆ. ಅವರು ಹಾಲಿನ ಪಾತ್ರೆ ಇಳಿಸಿ, “ಲೈನಲ್ಲಿ ಏನು ಮಾಡ್ತೀಯೋ ಅದು ನಿನ್ನ ಅವಳ ವ್ಯವಹಾರ. ಕಣದೊಳಗೆ ಮಾತ್ರ ಬಳಪ ತರಬೇಡ” ಎಂದರು. ಆಮೇಲೆ ಫೋನ್ ತೆಗೆದು ಅಕ್ಕೋರಿಗೆ, ಜೂನ್‌ಗೆ ಹೊಸ ಗಂಬೂಟು ಬೇಕಾಗುತ್ತವೆ, ಸಣ್ಣ ಅಳತೆಯವು ಎಂದರು. ದೊಡ್ಡ ಮಿಸ್ ಮುಂದುವರಿಸುತ್ತಾರೆ ಎಂಬುದು ನಮಗೆ ಗೊತ್ತಾದದ್ದು ಹಾಗೆ.

ಅವರ ಹಟ ಸರಿಯೋ, ಆ ತಾಯಿಯ ಹಟ ಸರಿಯೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಎರಡಕ್ಕೂ ನನ್ನ ಹತ್ತಿರ ಗಟ್ಟಿ ವಾದಗಳಿವೆ, ಅದೇ ತೊಂದರೆ.

ಅದೇ ದಿನ ಸಂಜೆ ಐದಕ್ಕೆ ಲೈನಿಗೆ ಹೋದೆ. ಮನೆಯ ಮುಂದಿನ ಜಗಲಿಯ ಮೇಲೆ ಗೋಣಿ ಹಾಸಿತ್ತು. ಐದು ಮಕ್ಕಳ ಜೊತೆ ಸುತ್ತಮುತ್ತಲಿನ ಇನ್ನೂ ಮೂರು ಕೂತಿದ್ದವು. ಸ್ಲೇಟು ಐದೇ ಇದ್ದವು. ಆ ತಾಯಿ ಎಲ್ಲರ ಹಿಂದೆ, ಗೋಡೆಗೆ ಒರಗಿ, ಕಾಲು ಚಾಚಿಕೊಂಡು ಕೂತಳು. ಕಲಿಯಲು ಅಲ್ಲ, ನಾನು ದಂಡವನ್ನು ಸರಿಯಾಗಿ ತೀರಿಸುತ್ತೇನೋ ಇಲ್ಲವೋ ನೋಡಲು. ಕೈಯಲ್ಲಿ ಬಿಡಿಸುವ ಅವರೆಕಾಯಿ ಇತ್ತು.

ಎಲ್ಲರಿಗೂ ತೋರಿಸಲು ಒಂದು ಸ್ಲೇಟಿನ ಮೇಲೆ ನಾನು ‘ಅ’ ಬರೆದು ಎತ್ತಿ ಹಿಡಿದೆ. ನನ್ನ ಅಕ್ಷರ ದುಂಡಗಿದೆ ಎಂದು ಮೊದಲಿನಿಂದಲೂ ಹೆಸರಿದೆ.

“ಮಿಸ್” ಎಂದಳು ಹಿಂದಿನಿಂದ.

“ಏನಕ್ಕ?”

“ದೊಡ್ಡದಾಗಿ ಬರೀರಿ. ಹಿಂದೆ ಕೂತೋರಿಗೆ ಕಾಣ್ತಿಲ್ಲ.”

ಅಳಿಸಿದೆ. ಸ್ಲೇಟಿನ ನಾಲ್ಕು ಅಂಚಿಗೂ ತಾಗುವ ಹಾಗೆ ಮತ್ತೆ ಬರೆದೆ.